ಲೇಖನದ ಕೆಳಗಿನ ಮೂರು ಸಾಲು

ಡಾರ್ಲಿಂಗ್ಟನ್
ಸೋಮವಾರ, 3 ಮಾರ್ಚ್ 2014

ಪ್ರೀತಿಯ ಕ್ಲಿಫ್,

ನಿನ್ನ ಪತ್ರ ಶನಿವಾರ ತಲುಪಿತು. ಇವತ್ತು ಮಧ್ಯಾಹ್ನದ ಊಟ ಮುಗಿಸಿ, ಮೇಜು ಒರೆಸಿ, ಉತ್ತರ ಬರೆಯಲು ಕೂತಿದ್ದೇನೆ. ನೀನು ಬರೆದಿರುವುದು ಅರ್ಧ ಪುಟ. ನಾನು ಇಲ್ಲಿಗೆ ಬಂದಮೇಲೆ ಕ್ರಿಸ್‌ಮಸ್ ಕಾರ್ಡುಗಳ ಆಚೆಗೆ ನೀನು ಬರೆದದ್ದು ಇದೇ ಮೊದಲು. ಆದ್ದರಿಂದ ಚಿಕ್ಕದಾಯಿತೆಂದು ದೂರುವುದಿಲ್ಲ.

ನೀನು ಕೇಳಿರುವುದು ಸ್ಪಷ್ಟವಾಗಿದೆ. ವರ್ಕ್‌ಶಾಪನ್ನು ಈಗ ನಿನ್ನ ತಮ್ಮನ ಮಗಳು ಟಾಮ್ಸಿನ್ ನಡೆಸುತ್ತಿದ್ದಾಳೆ. ಅವಳ ಕೈಯಲ್ಲಿ ಕಸುಬಿದೆ, ಆದರೆ ಕೆಲಸ ಬರುತ್ತಿಲ್ಲ. ಕಿಟಕಿ ರಿಪೇರಿಗೆಂದು ಜನ ಕಂಪ್ಯೂಟರಿನಲ್ಲಿ ಹುಡುಕಿದರೆ ನಮ್ಮ ವೆಬ್‌ಸೈಟು ಯಾರ ಕಣ್ಣಿಗೂ ಬೀಳದಷ್ಟು ಹಿಂದೆ ಸರಿದಿದೆ. ಹೀಗೇ ಇನ್ನೊಂದು ಚಳಿಗಾಲ ಕಳೆದರೆ ವರ್ಕ್‌ಶಾಪು ಮುಚ್ಚಬೇಕಾಗುತ್ತದೆ. ಅವಳು ಯಾರ್ಕ್‌ನಿಂದ ಒಬ್ಬ ಸಲಹೆಗಾರನನ್ನು ಕರೆಸಿದಳಂತೆ. ಅವನು ನೋಡಿ, ತೊಂದರೆಗೆ ಕಾರಣ ನನ್ನ ಲೇಖನಗಳು ಅಂದನಂತೆ. ನಾನು ವರ್ಷಗಟ್ಟಲೆ ಉಚಿತ ಲೇಖನಗಳ ತಾಣಗಳಿಗೆ ಕಳಿಸಿದ ಬರಹಗಳಿವೆಯಲ್ಲ, ಪ್ರತಿಯೊಂದರ ಕೆಳಗೂ ನಮ್ಮ ವೆಬ್‌ಸೈಟಿಗೆ ಕೊಂಡಿ ಇರುವಂಥವು, ಅವು ಈಗ ನಮ್ಮನ್ನು ಮೇಲೆತ್ತುವುದಿರಲಿ, ಕೆಳಕ್ಕೆ ಎಳೆಯುತ್ತಿವೆ. ಅವನ್ನು ಅಳಿಸಬೇಕು. ಖಾತೆ ಇರುವುದು ನನ್ನ ಹೆಸರಿನಲ್ಲಿ. ಪಾಸ್‌ವರ್ಡ್ ನನ್ನೊಬ್ಬಳಿಗೇ ಗೊತ್ತೆಂದು ಟಾಮ್ಸಿನ್‌ಗೆ ಹೇಳಿರುವುದಾಗಿ ಬರೆದಿದ್ದೀಯ. ಆದ್ದರಿಂದ ನಾನೇ ಅಳಿಸಬೇಕು.

ಕೊನೆಯಲ್ಲಿ ನಿನ್ನ ಮಾತಿನಂತೆಯೇ ಇರುವ ಎರಡು ಸಾಲು: ‘ಇಷ್ಟೊಂದನ್ನ ಬಿಟ್ಟಿ ಯಾಕ್ ಕೊಟ್ರಿ, ಅದರಿಂದ ಏನಾದ್ರೂ ಉಪಯೋಗ ಆಯ್ತಾ ಅಂತ ಹುಡುಗಿ ಕೇಳ್ತಾಳೆ. ನಂಗೆ ಹೇಳೋಕ್ ಬರಲ್ಲ, ನೀನೇ ಬರಿ.’

ಹಾಗಾಗಿ ಇದು ನಿಮ್ಮಿಬ್ಬರಿಗೂ ಬರೆದ ಪತ್ರ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಆಗ ನೀನು ಎದ್ದು ಹೋಗಿ ಟೀ ಮಾಡಬಹುದು. ಟಾಮ್ಸಿನ್ ಪೂರ್ತಿ ಓದಲಿ.

ನಾನು ಲೇಖನ ಬರೆಯಲು ಶುರು ಮಾಡಿದ ವರ್ಷ ನಮ್ಮ ವಿಟ್ಬಿಯಲ್ಲಿ ಎಲ್ಲರೂ ಮರದ ಕಿಟಕಿಗಳನ್ನು ಕಿತ್ತು ಪ್ಲಾಸ್ಟಿಕ್ ಕಿಟಕಿ ಹಾಕಿಸುತ್ತಿದ್ದರು. ನಮ್ಮ ಬೀದಿಯ ಗುಡ್ಡದ ಬುಡದಿಂದ ಮೇಲಿನವರೆಗೆ ಪ್ರತಿ ಮನೆಯ ಮುಂದೆ ಒಂದೊಂದು ಕಸದ ತೊಟ್ಟಿ, ಒಂದೊಂದರಲ್ಲೂ ನೂರು ವರ್ಷದ ಪೈನ್ ಮರದ ಚೌಕಟ್ಟುಗಳು. ನೀನು ಸಂಜೆ ನಾಯಿಯನ್ನು ತಿರುಗಾಡಿಸಲು ಹೋಗುವವನು ಹೆಗಲ ಮೇಲೆ ಚೌಕಟ್ಟು ಹೊತ್ತು ಬರುತ್ತಿದ್ದೆ. ಹಿತ್ತಲಲ್ಲಿ ಬಟ್ಟೆ ಒಣಗಿಸಲು ಜಾಗ ಉಳಿಯಲಿಲ್ಲ. ‘ಇದು ಆಸ್ಪತ್ರೆನಾ, ಅನಾಥಾಲಯನಾ?’ ಎಂದು ನಾನು ಕೇಳಿದರೆ, ‘ಎರಡೂ ಕಣೇ. ನಿನ್ನ ಬಟ್ಟೆ ಒಳಗೆ ಒಣಗಿಸ್ಕೋ’ ಅನ್ನುತ್ತಿದ್ದೆ. ಅನಾಥರು ಬೇಕಾದಷ್ಟು ಬಂದರು, ರಿಪೇರಿಗೆ ಗಿರಾಕಿಗಳು ಬರಲಿಲ್ಲ.

ಆಗ ನಾನು ಲೈಬ್ರರಿಯ ಕಂಪ್ಯೂಟರ್ ತರಗತಿಗೆ ಸೇರಿದೆ. ಕಲಿಸುತ್ತಿದ್ದವನು ನೈಜಲ್. ಅವನೇ ನಮ್ಮ ವೆಬ್‌ಸೈಟು ಮಾಡಿಕೊಟ್ಟದ್ದು, ಅವನೇ ಉಚಿತ ಲೇಖನಗಳ ತಾಣಗಳ ಬಗ್ಗೆ ಹೇಳಿದ್ದು. ಒಂದು ಭಾನುವಾರ ಅವನನ್ನು ಚಹಾಕ್ಕೆ ಕರೆದಿದ್ದೆ. ಅವನು ಪಾರ್ಕಿನ್ ಕೇಕಿನ ತುಂಡು ಕೈಯಲ್ಲಿ ಹಿಡಿದು ನಿನಗೆ ವಿವರಿಸುತ್ತಿದ್ದ: ನೀವೊಂದು ಲೇಖನ ಬರೆದು ತಾಣಕ್ಕೆ ಕೊಡುತ್ತೀರಿ. ವೆಬ್‌ಸೈಟು ಇರುವ ಯಾರು ಬೇಕಾದರೂ ಅದನ್ನು ಎತ್ತಿಕೊಂಡು ತಮ್ಮಲ್ಲಿ ಹಾಕಿಕೊಳ್ಳಬಹುದು, ಪೈಸೆ ಕೊಡಬೇಕಿಲ್ಲ. ಷರತ್ತು ಒಂದೇ. ಲೇಖನದ ಕೆಳಗೆ ಬರೆದವರ ಪರಿಚಯದ ಚೌಕವೊಂದು ಇರುತ್ತದೆ, ಅದರಲ್ಲಿ ನಿಮ್ಮ ವೆಬ್‌ಸೈಟಿನ ಕೊಂಡಿ ಇರುತ್ತದೆ, ಆ ಚೌಕವನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಲೇಖನ ಹೋದ ಕಡೆಯೆಲ್ಲ ನಿಮ್ಮ ಮನೆಗೊಂದು ಬಾಗಿಲು. ಬಾಗಿಲು ಹೆಚ್ಚಿದಷ್ಟೂ ಹುಡುಕುವ ಯಂತ್ರ ನಿಮ್ಮನ್ನು ದೊಡ್ಡ ಮನುಷ್ಯರೆಂದು ತಿಳಿಯುತ್ತದೆ.

ನೀನು ಪೂರ್ತಿ ಕೇಳಿ ಹೇಳಿದೆ: ‘ಅಂದ್ರೆ ನಾನೊಂದು ಕಿಟಕಿ ಮಾಡಿ ಬೀದೀಲಿ ಇಡ್ಬೇಕು. ಬೇಕಾದೋರು ಹೊತ್ಕೊಂಡ್ ಹೋಗ್ಲಿ. ಮೂಲೇಲಿ ನನ್ನ ಹೆಸರು ಇದ್ರೆ ಸಾಕು. ಅಷ್ಟೇ ತಾನೆ?’

‘ಹೆಚ್ಚೂಕಮ್ಮಿ ಅಷ್ಟೇ’ ಅಂದ ನೈಜಲ್.

‘ನಿಮ್ಮಪ್ಪ ಇನ್ನೂ ಮೀನಂಗಡಿ ಇಟ್ಟಿದ್ದಾರಾ?’

‘ಇಟ್ಟಿದ್ದಾರೆ.’

‘ಅವರ ಹತ್ರ ಹೋಗಿ ಹೇಳಿ ನೋಡು ಇದನ್ನ.’

ನೈಜಲ್ ಹೋದಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ನೀನು ಒರೆಸುತ್ತ, ನನ್ನ ಕಡೆ ನೋಡದೆ, ‘ಮೊದಲನೇದು ಯಾವುದರ ಬಗ್ಗೆ ಬರೀತೀಯ?’ ಎಂದು ಕೇಳಿದೆ. ಅದು ನನಗೆ ನೆನಪಿದೆ. ನಿನಗೆ ಇಲ್ಲದಿರಬಹುದು.

ಮೊದಲನೆಯದು ಅಂಟಿಕೊಂಡ ಕಿಟಕಿಯ ಬಗ್ಗೆ. ಟಾಮ್ಸಿನ್, ಬರೆದದ್ದು ನಾನು ಎಂದು ಎಲ್ಲ ಕಡೆ ಇದೆ. ಹೇಳಿದವನು ನಿನ್ನ ದೊಡ್ಡಪ್ಪ. ಸಂಜೆ ಆರರ ಹೊತ್ತಿಗೆ ಅವನು ಕಿಟಕಿಯಿಂದ ಬಿಚ್ಚಿದ, ಮೇಲೆ ಕೆಳಗೆ ಸರಿಯುವ ಗಾಜಿನ ಪಡಿಯನ್ನು ವರ್ಕ್‌ಶಾಪಿನಿಂದ ಅಡುಗೆಮನೆಗೇ ತರುತ್ತಿದ್ದ. ಮೇಜಿನ ಒಂದು ತುದಿಯಲ್ಲಿ ಅದನ್ನು ಇಟ್ಟುಕೊಂಡು, ಗಾಜು ಕೂರಿಸಲು ಮೆತ್ತಿದ್ದ ಹಳೆಯ ಪುಟ್ಟಿ ಕೆರೆಯುತ್ತ ಕೂರುತ್ತಿದ್ದ. ಇನ್ನೊಂದು ತುದಿಯಲ್ಲಿ ನಾನು ಕಂಪ್ಯೂಟರು ಇಟ್ಟುಕೊಂಡು ಕೂರುತ್ತಿದ್ದೆ. ಮನೆಯೆಲ್ಲ ಅಗಸೆ ಎಣ್ಣೆಯ ವಾಸನೆ. ಕೆಳಗೆ ನಮ್ಮ ನಾಯಿ ಮೇಜರ್ ಇಬ್ಬರ ಕಾಲಿಗೂ ಅಡ್ಡವಾಗಿ ಮಲಗಿರುತ್ತಿದ್ದ. ಅವನು ಮುದಿಯಾದಮೇಲೆ ಮಾತ್ರ ನೀನು ಅವನನ್ನು ನೋಡಿದ್ದೀಯ. ಆಗ ಅವನಿಗೆ ಕಿವಿಯೊಂದು ಬಿಟ್ಟು ಉಳಿದೆಲ್ಲ ಚೆನ್ನಾಗಿತ್ತು.

‘ಕೆಳಗಿಂದ ಮೀಟಬೇಡಿ ಅಂತ ಮೊದಲು ಬರಿ’ ಅನ್ನುತ್ತಿದ್ದ ನಿನ್ನ ದೊಡ್ಡಪ್ಪ, ಬಾಯಲ್ಲಿ ಮೊಳೆ ಕಚ್ಚಿಕೊಂಡು. ‘ಎಲ್ಲರೂ ಮಾಡೋದು ಅದನ್ನೇ. ಮರ ಉಬ್ಬಿದೆ ಅಂದ್ಕೊಳ್ತಾರೆ. ಮರ ಏನೂ ಮಾಡಿರಲ್ಲ ಪಾಪ. ಮೇಲಿಂದ ಮೇಲೆ ಬಣ್ಣ ಬಳಿದಿರ್ತಾರಲ್ಲ, ಆ ಬಣ್ಣ ಹಿಡ್ಕೊಂಡಿರತ್ತೆ. ತೆಳ್ಳಗಿನ ಅಲಗು ತಗೊಂಡು ಅಂಚಿನ ಉದ್ದಕ್ಕೂ ಕೊಯ್ಬೇಕು. ಆಮೇಲೆ ಅಂಗೈಯಿಂದ ಮೂಲೆ ತಟ್ಟು. ಹೊಡೀಬೇಡ. ತಟ್ಟು.’

‘ಎಷ್ಟು ಜೋರಾಗಿ?’

‘ಮಲಗಿರೋರನ್ನ ಎಬ್ಬಿಸೋ ಥರ.’

‘ಯಾರನ್ನ? ನನ್ನನ್ನೋ, ಮೇಜರನ್ನೋ?’

‘ನಿನ್ನನ್ನ. ಅವನನ್ನ ಎಬ್ಬಿಸೋ ಥರ ತಟ್ಟಿದ್ರೆ ಗಾಜು ಒಡೆಯತ್ತೆ.’

ಹೀಗೆ. ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ, ಆಮೇಲೆ ಓದಿ ಹೇಳುತ್ತಿದ್ದೆ. ‘ಎಲ್ಲ ಕಿಟಕಿಗಳೂ’ ಎಂದು ಬರೆದಿದ್ದರೆ ‘ಎಲ್ಲ ನೋಡಿದ್ದೀಯಾ?’ ಎಂದು ಕೇಳಿ ಹೊಡೆಸಿಹಾಕುತ್ತಿದ್ದ. ‘ಸುಲಭವಾಗಿ’ ಅನ್ನುವ ಪದವನ್ನು ಎಂದೂ ಬಿಟ್ಟವನಲ್ಲ.

ಆ ಲೇಖನ ತಿರಸ್ಕೃತವಾಗಿ ಬಂತು. ಜನ ಹುಡುಕುವ ಪದಗಳು ಲೇಖನದಲ್ಲಿ ಸಾಕಷ್ಟು ಸಲ ಬಂದಿಲ್ಲ, ಅವನ್ನು ಇನ್ನೂ ಅಲ್ಲಲ್ಲಿ ಸೇರಿಸಬೇಕು ಎಂದು ನೈಜಲ್ ಹೇಳಿಕೊಟ್ಟ. ನಾನು ‘ಮರದ ಕಿಟಕಿ ರಿಪೇರಿ ಯಾರ್ಕ್‌ಷೈರ್’ ಎಂಬುದನ್ನು ಪ್ರತಿ ಪ್ಯಾರಾದಲ್ಲೂ ತುರುಕಿದೆ. ಕ್ಲಿಫ್, ನೀನು ಎದ್ದು ನಿಂತು, ಚರ್ಚಿನಲ್ಲಿ ಓದುವವರ ಹಾಗೆ ಕೈ ಎತ್ತಿ ಅದನ್ನು ಓದಿದ್ದು, ನಾನು ನಕ್ಕು ಕೆಮ್ಮು ಹತ್ತಿ ನೀರು ಕುಡಿಯಬೇಕಾದದ್ದು ನೆನಪಿದೆಯಾ? ‘ಯಾರೇ ಹೀಗ್ ಮಾತಾಡ್ತಾರೆ? ನಿಮ್ಮಕ್ಕನಿಗೆ ಫೋನ್ ಮಾಡಿದಾಗ, ಏನಕ್ಕಾ, ಮರದ ಕಿಟಕಿ ರಿಪೇರಿ ಯಾರ್ಕ್‌ಷೈರ್ ಚೆನ್ನಾಗಿದ್ದೀಯಾ ಅಂತ ಕೇಳ್ತೀಯಾ?’ ಮಾರನೆಯ ದಿನ ಅಕ್ಕನಿಗೆ ಫೋನ್ ಮಾಡಿದಾಗ ನಾನು ಹಾಗೆಯೇ ಕೇಳಿದೆ. ಅವಳು ನಾನು ಕುಡಿದಿದ್ದೇನೆಂದು ತಿಳಿದು ಫೋನನ್ನು ನಿನಗೆ ಕೊಡಲು ಹೇಳಿದಳು.

ಇನ್ನು ಆ ಪರಿಚಯದ ಚೌಕ. ಮೂರೇ ಸಾಲಿನಷ್ಟು ಜಾಗ ಕೊಡುತ್ತಿದ್ದರು. ನಾನು ಬರೆದದ್ದು ಇದು:

‘ಲಾರ್ನಾ ಸ್ಟೋರ್ ತನ್ನ ಗಂಡ ಕ್ಲಿಫ್ ಜೊತೆ ವಿಟ್ಬಿಯಲ್ಲಿ ವಾಸವಾಗಿದ್ದಾಳೆ, ಇಬ್ಬರೂ ಸೇರಿ ಹಳೆಯ ಮರದ ಕಿಟಕಿಗಳನ್ನು ರಿಪೇರಿ ಮಾಡುತ್ತಾರೆ. ಮನೆಯ ಕರೆಗಂಟೆ ಕೆಟ್ಟಿದೆ, ನಾಯಿ ಮೇಜರ್‌ಗೆ ಕಿವಿ ಕೇಳುವುದಿಲ್ಲ. ಬಂದವರು ಹಸಿರು ಬಾಗಿಲನ್ನು ಜೋರಾಗಿ ತಟ್ಟಬೇಕು. ದೂರದವರು ನಮ್ಮ ವೆಬ್‌ಸೈಟು ನೋಡಿ.’

‘ಇಬ್ಬರೂ ಸೇರಿ?’ ಅಂದೆ ನೀನು. ‘ನೀನ್ ಯಾವತ್ತು ಉಳಿ ಹಿಡಿದೆ?’

‘ಟೀ ಯಾರು ಮಾಡ್ತಾರೆ?’

ನೀನು ಸ್ವಲ್ಪ ಹೊತ್ತು ಯೋಚಿಸಿದೆ. ತಮಾಷೆಗಲ್ಲ, ನಿಜವಾಗಿಯೇ ಯೋಚಿಸಿದೆ. ‘ಸರಿ, ಇರ್ಲಿ. ಸುಳ್ಳಲ್ಲ’ ಅಂದೆ.

ಲೇಖನಗಳು ಹೊರಟುಹೋದವು. ಟಾಮ್ಸಿನ್, ನಮ್ಮ ಮಾತು ನಾವು ಕಾಣದ ಊರುಗಳಲ್ಲಿ ಕಾಣಿಸಿಕೊಳ್ಳುವುದೆಂದರೆ ಏನೆಂದು ನಿನಗೀಗ ಅರ್ಥವಾಗಲಿಕ್ಕಿಲ್ಲ. ಈಗ ಎಲ್ಲರದೂ ಎಲ್ಲ ಕಡೆ ಇರುತ್ತದೆ. ಆಗ ನಾನು ಬೆಳಿಗ್ಗೆ ಎದ್ದು ನಮ್ಮದೇ ಒಂದು ಸಾಲನ್ನು ಹುಡುಕಲು ಹಾಕಿದರೆ, ಅದು ನ್ಯೂಜಿಲೆಂಡಿನ ತೋಟಗಾರಿಕೆಯ ಪುಟದಲ್ಲಿ ಇರುತ್ತಿತ್ತು, ಒಹಾಯೋದ ಯಾವುದೋ ಚರ್ಚಿನ ಪುಟದಲ್ಲಿ ಇರುತ್ತಿತ್ತು. ಅಲ್ಲೆಲ್ಲ ಕೆಳಗೆ ಮೇಜರ್‌ಗೆ ಕಿವಿ ಕೇಳುತ್ತಿರಲಿಲ್ಲ. ಪ್ಲಾಸ್ಟಿಕ್ ಕಿಟಕಿ ಮಾರುವ ಒಂದು ಕಂಪನಿ ‘ಹಳೆಯ ಕಿಟಕಿಯನ್ನು ಯಾಕೆ ಕೀಳಬಾರದು’ ಎಂಬ ನಮ್ಮ ಲೇಖನವನ್ನು ಎತ್ತಿ, ಓದದೆಯೇ, ತನ್ನ ಜಾಹೀರಾತಿನ ಪಕ್ಕದಲ್ಲಿ ಹಾಕಿಕೊಂಡಿತ್ತು. ನಿನ್ನ ದೊಡ್ಡಪ್ಪ ಅದನ್ನು ನೋಡಲೆಂದೇ ದಿನಾ ಸಂಜೆ ಕಂಪ್ಯೂಟರು ಹಾಕಿಸುತ್ತಿದ್ದ. ಇನ್ನೊಂದು ಕಡೆ ಚೌಕವನ್ನು ಕಿತ್ತು, ನಮ್ಮ ಪದಗಳ ಬದಲು ಯಂತ್ರದಿಂದ ಬೇರೆ ಪದ ಕೂರಿಸಿದ್ದರು. ‘ಮರದ ಕಿಟಕಿ’ ಎಂಬುದು ‘ಕಾಡಿನ ರಂಧ್ರ’ ಆಗಿತ್ತು. ಆ ಚಳಿಗಾಲವೆಲ್ಲ ಅವನು ಬೆಳಿಗ್ಗೆ ಹೊರಡುವಾಗ, ‘ಚರ್ಚ್ ಬೀದೀಲಿ ಎರಡು ಕಾಡಿನ ರಂಧ್ರ ಇದೆ, ಊಟಕ್ಕೆ ಕಾಯ್ಬೇಡ’ ಎಂದು ಹೇಳಿ ಹೋಗುತ್ತಿದ್ದ.

ಉಪಯೋಗವಾಯಿತೇ ಎಂದು ಕೇಳಿದ್ದೀಯ. ನೇರವಾಗಿ ಹೇಳುತ್ತೇನೆ. ಮೊದಲೆರಡು ವರ್ಷ ಆಯಿತು. ಕೊಂಡಿಗಳು ಹೆಚ್ಚಿದ ಹಾಗೆ ನಮ್ಮ ವೆಬ್‌ಸೈಟು ಹುಡುಕಾಟದಲ್ಲಿ ಮೇಲೆ ಬಂತು, ಸ್ಕಾರ್‌ಬರೋದಿಂದ, ಮಾಲ್ಟನ್‌ನಿಂದ ಫೋನು ಬಂದವು. ಆದರೆ ಬಹುಪಾಲು ಜನ ಓದಿದ್ದು ನಮ್ಮಲ್ಲಿಗೆ ಬರಲಾಗದಷ್ಟು ದೂರದಲ್ಲಿ. ಒಹಾಯೋದಲ್ಲಿ ಅಂಟಿಕೊಂಡ ಕಿಟಕಿಗೆ ವಿಟ್ಬಿಯ ಬಡಗಿ ಏನು ಮಾಡಬಲ್ಲ? ಅವರೆಲ್ಲ ಪ್ರಶ್ನೆ ಕಳಿಸುತ್ತಿದ್ದರು, ಅವನು ಪುಟ್ಟಿ ಕೆರೆಯುತ್ತ ಉತ್ತರ ಹೇಳುತ್ತಿದ್ದ, ನಾನು ಬರೆದು ಕಳಿಸುತ್ತಿದ್ದೆ. ಅದರಿಂದ ವರ್ಕ್‌ಶಾಪಿಗೆ ಏನೂ ಬರಲಿಲ್ಲ.

ಕೆನಡಾದ ಪೂರ್ವ ಕರಾವಳಿಯಿಂದ ಎವರೆಟ್ ಎಂಬ ಒಬ್ಬರು ಬರೆದಿದ್ದರು. ತೀರಿಕೊಂಡ ತಾಯಿಯ ಕೋಣೆಯ ಕಿಟಕಿಯನ್ನು ಅವರು ಹುಡುಗರಾಗಿದ್ದಾಗಿನಿಂದ ಯಾರೂ ತೆರೆದಿರಲಿಲ್ಲ. ನಮ್ಮ ಲೇಖನ ಓದಿ, ಅಂಚು ಕೊಯ್ದು, ಮೂಲೆ ತಟ್ಟಿ, ತೆರೆದರಂತೆ. ಬೇರೇನೂ ಕೇಳಿರಲಿಲ್ಲ. ಒಂದು ಫೋಟೋ ಕಳಿಸಿದ್ದರು: ಮೇಲೆತ್ತಿದ ಪಡಿ, ಹೊರಕ್ಕೆ ಹಾರಿದ ಪರದೆ, ಆಚೆ ಸಮುದ್ರ. ನಾನು ಅದನ್ನು ಲೈಬ್ರರಿಯಲ್ಲಿ ಮುದ್ರಿಸಿ ತಂದೆ. ಕ್ಲಿಫ್ ನೋಡಿದ, ಪಡಿ ಸ್ವಲ್ಪ ಓರೆಯಾಗಿದೆ, ಅದನ್ನು ಎತ್ತಿಹಿಡಿಯುವ ಎಡಗಡೆಯ ಹಗ್ಗ ಹೋಗಿರಬೇಕು ಅಂದ, ಆಮೇಲೆ ತೆಗೆದುಕೊಂಡು ಹೋಗಿ ಬೆಂಚಿನ ಮೇಲಿನ ಗೋಡೆಗೆ ಅಂಟಿಸಿದ. ಅದು ಈಗಲೂ ಅಲ್ಲಿದ್ದರೆ, ಟಾಮ್ಸಿನ್, ಅದು ಯಾರ ಕಿಟಕಿ ಎಂದು ಇಷ್ಟು ದಿನ ಯೋಚಿಸಿರಬಹುದು.

ಈಗ ತಪ್ಪಿನ ವಿಷಯ. ಸಲಹೆಗಾರ ನಿನಗೆ ಇದನ್ನು ಹೇಳಿರುತ್ತಾನೆ, ಹೀಗೇಕಾಯಿತೆಂದು ಮಾತ್ರ ಅವನಿಗೆ ಗೊತ್ತಿರಲಾರದು. ನೈಜಲ್ ಮೊದಲೇ ಎಚ್ಚರಿಸಿದ್ದ: ನಿಮ್ಮ ವೆಬ್‌ಸೈಟಿನಲ್ಲಿ ಇರುವುದನ್ನೇ ತಾಣಗಳಿಗೆ ಕೊಡಬೇಡಿ. ಪ್ರತಿಯೊಂದಕ್ಕೂ ಬೇರೆ ಥರ ಬರೆಯಿರಿ, ವಾಕ್ಯ ತಿರುಗಿಸಿ, ಹೊಸ ಶೀರ್ಷಿಕೆ ಕೊಡಿ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ನಾನೂ ಒಂದನ್ನು ತಿರುಗಿಸಿ ಬರೆದು ನಿನ್ನ ದೊಡ್ಡಪ್ಪನಿಗೆ ಓದಿ ಹೇಳಿದೆ.

‘ಮೊದಲು ಅಂಚು ಕೊಯ್ದು ಆಮೇಲೆ ತಟ್ಟಬೇಕು ಅಂತಿತ್ತು’ ಅಂದ. ‘ಇದರಲ್ಲಿ ತಟ್ಟೋದು ಮೊದಲು ಬಂದಿದೆ.’

‘ಬೇರೆ ಥರ ಇರ್ಬೇಕು ಅಂದ್ರಲ್ಲ.’

‘ಕೆಲಸ ಮಾಡೋದು ಒಂದೇ ಥರ ಕಣೇ. ಎರಡ್ ಥರ ಬರೆದ್ರೆ ಒಂದು ಸುಳ್ಳಾಗತ್ತೆ. ಯಾವನೋ ಆ ಸುಳ್ಳನ್ನ ಓದಿ ತನ್ನ ಅಜ್ಜಿ ಮನೆ ಗಾಜು ಒಡ್ಕೋತಾನೆ.’

‘ಹಾಗಂದ್ರೆ ವಾಕ್ಯ ಮಾತ್ರ ಬದಲಾಯಿಸ್ತೀನಿ.’

‘ಸರಿಯಾಗಿರೋ ವಾಕ್ಯನ ಯಾಕ್ ಬದಲಾಯಿಸ್ತೀಯ? ಸರಿಯಾಗಿ ಕೂತಿರೋ ಪಡೀನ ಯಾರಾದ್ರೂ ಕಿತ್ತು ಮತ್ತೆ ಕೂರಿಸ್ತಾರಾ?’

ತಿರುಗಿಸಿ ಬರೆದದ್ದನ್ನು ಅಳಿಸಿಹಾಕಿದೆ. ಆದ್ದರಿಂದ ಒಂದೇ ಲೇಖನ, ಒಂದಕ್ಷರ ಬದಲಾಗದೆ, ನಮ್ಮ ವೆಬ್‌ಸೈಟಿನಲ್ಲೂ ಹೋಯಿತು, ಎಲ್ಲ ತಾಣಗಳಲ್ಲೂ ಹೋಯಿತು. ಹುಡುಕುವ ಯಂತ್ರಕ್ಕೆ ಮೂಲ ಯಾವುದು, ನಕಲು ಯಾವುದು ಎಂದು ತಿಳಿಯುವ ಬಗೆ ಯಾವುದು? ತಾಣಗಳು ದೊಡ್ಡವು, ನಮ್ಮದು ಚಿಕ್ಕದು. ಅದು ತಾಣಗಳನ್ನು ಮೂಲವೆಂದುಕೊಂಡಿತು, ನಮ್ಮನ್ನು ನಕಲು ಮಾಡಿದವರೆಂದು ಹಿಂದಕ್ಕೆ ತಳ್ಳಿತು. ಕ್ಲಿಫ್ ಸ್ಟೋರ್ ತನ್ನ ಅಡುಗೆಮನೆಯಲ್ಲಿ ಕೂತು ಹೇಳಿದ ಮಾತನ್ನು ಹುಡುಕಿದರೆ ಅವನ ಮನೆಯೊಂದನ್ನು ಬಿಟ್ಟು ಉಳಿದೆಲ್ಲ ಮನೆಗಳೂ ಸಿಗುತ್ತಿದ್ದವು. ಕೆಲವು ವರ್ಷಗಳ ನಂತರ ಹುಡುಕುವ ನಿಯಮ ಬದಲಾಯಿತು. ಆ ತಾಣಗಳೆಲ್ಲ ಕಸವೆಂದು ತೀರ್ಮಾನವಾಗಿ ಮುಳುಗಿದವು, ಅವುಗಳ ಕೊಂಡಿ ಹಿಡಿದುಕೊಂಡಿದ್ದ ನಾವೂ ಮುಳುಗಿದೆವು. ಇದರಲ್ಲಿ ಸಲಹೆಗಾರನ ಮಾತು ಸರಿ. ನೀನು ಅವನಿಗೆ ಕೊಟ್ಟ ಹಣ ದಂಡವಾಗಿಲ್ಲ.

ನಾನು ಆ ಹೊತ್ತಿಗೆ ಡಾರ್ಲಿಂಗ್ಟನ್‌ಗೆ ಬಂದಾಗಿತ್ತು. ಅಕ್ಕನಿಗೆ ಹುಷಾರಿರಲಿಲ್ಲ, ನೋಡಿಕೊಳ್ಳಲು ಬಂದೆ. ಟಾಮ್ಸಿನ್, ನಾವು ಜಗಳವಾಡಿ ಬೇರೆಯಾದೆವೆಂದು ನಿಮ್ಮ ಮನೆಯಲ್ಲಿ ಅಂದುಕೊಂಡಿರಬಹುದು. ಜಗಳವಾಗಿರಲಿಲ್ಲ. ಅದಕ್ಕೂ ಹಿಂದೆ ಒಂದು ಸಂಜೆ ನಾನು ಕಂಪ್ಯೂಟರು ತೆರೆದು ಕೂತು, ಇವತ್ತು ಏನು ಎಂದು ಕೇಳಿದೆ. ‘ಇನ್ನೇನೂ ಇಲ್ಲ ಕಣೇ. ಗೊತ್ತಿರೋದೆಲ್ಲ ಹೇಳಾಯ್ತು’ ಅಂದ ಅವನು. ಮಾರನೆಯ ದಿನದಿಂದ ಪಡಿಗಳನ್ನು ವರ್ಕ್‌ಶಾಪಿನಲ್ಲಿಯೇ ಇಟ್ಟುಕೊಂಡ. ಮೇಜು ಚೊಕ್ಕಟವಾಗಿರುತ್ತಿತ್ತು. ಅಕ್ಕನ ಫೋನು ಬಂದಾಗ ನಾನು ಒಂದು ವಾರಕ್ಕೆಂದು ಹೊರಟೆ. ಅಕ್ಕನ ಕಾಯಿಲೆ ಎರಡು ವರ್ಷ ನಡೆಯಿತು. ಆಮೇಲೆ ಅವಳ ಮನೆ ನನ್ನದಾಯಿತು. ಹೋಗೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಹೇಳಲಿಲ್ಲ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ ಹೀಗೆ ಬರೆಯುತ್ತೇನೆ: ವೆಬ್‌ಸೈಟಿಗೆ ಸ್ವಲ್ಪ ದಿನ ಉಪಯೋಗವಾಯಿತು, ಆಮೇಲೆ ನಷ್ಟವಾಯಿತು. ನಿನ್ನ ದೊಡ್ಡಪ್ಪ ಮಾತಾಡುವ ಮನುಷ್ಯನಲ್ಲ. ಲೇಖನ ಬರೆದ ಆ ನಾಲ್ಕು ವರ್ಷ ಅವನು ಪ್ರತಿ ಸಂಜೆ ಮಾತಾಡಿದ.

ಅಳಿಸುವುದೇ ಸರಿ. ವರ್ಕ್‌ಶಾಪು ಈಗ ನಿನ್ನದು, ಅದು ನಡೆಯಬೇಕು. ಆ ಮೂರು ಸಾಲು ಬೇರೆ ಈಗ ನಿಜವಲ್ಲ. ಮೇಜರ್ ಹೋದ ಸುದ್ದಿ ಹಿಂದಿನ ಒಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ಬಂತು. ನಾನು ವಿಟ್ಬಿಯಲ್ಲಿಲ್ಲ. ನಿಜವಲ್ಲದ್ದು ಉಳಿಯಬಾರದೆಂದು ಈ ಮನೆತನದಲ್ಲಿ ಹೇಳುತ್ತ ಬಂದವರು ಯಾರೆಂದು ನಿನಗೆ ಗೊತ್ತು. ಈ ಪತ್ರ ಅಂಚೆಗೆ ಹಾಕುವ ಮೊದಲು ಖಾತೆ ತೆರೆದು ಒಂದೊಂದಾಗಿ ತೆಗೆಯುತ್ತೇನೆ. ಬೇರೆಯವರು ಎತ್ತಿಕೊಂಡು ಹೋದ ನಕಲುಗಳು ನನ್ನ ಕೈಯಲ್ಲಿಲ್ಲ. ಅವರಿಗೆಲ್ಲ ಕಾಗದ ಬರೆದು ಕೇಳಿಕೊಳ್ಳಬೇಕು, ಅದನ್ನು ನಾನು ಮಾಡಿಕೊಡುತ್ತೇನೆ.

ಲೇಖನಗಳನ್ನು ನಿನ್ನ ವೆಬ್‌ಸೈಟಿನಲ್ಲಿ ಮಾತ್ರ ಉಳಿಸಿಕೋ. ಹೊಸತು ಬೇಕಾದರೆ ಸಂಜೆ ನಿನ್ನ ದೊಡ್ಡಪ್ಪನ ಕೈಗೊಂದು ಪಡಿ ಕೊಟ್ಟು ಎದುರಿಗೆ ಕೂತುಕೋ. ಸುಮ್ಮನೆ ಪ್ರಶ್ನೆ ಕೇಳಿದರೆ ಹೇಳುವುದಿಲ್ಲ. ಕೈಗೆ ಕೆಲಸವಿರಬೇಕು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆ. ‘ಸುಲಭವಾಗಿ’ ಎಂದು ಬರೆಯಬೇಡ.

ಇಬ್ಬರೂ ಆರೋಗ್ಯ ನೋಡಿಕೊಳ್ಳಿ. ಸಮುದ್ರದ ಕಡೆಯ ಕೋಣೆಯಲ್ಲಿ ಮಾರ್ಚ್ ಮುಗಿಯುವವರೆಗೆ ಮಲಗಬೇಡ, ಕ್ಲಿಫ್. ಮಲಗುತ್ತೀಯೆಂದು ಗೊತ್ತು.

ಇತಿ,
ಲಾರ್ನಾ

ಮ. ಬ.: ಈ ಹಾಳೆ ಬೇರೆ. ಇದು ನಿನಗೊಬ್ಬನಿಗೆ. ಟಾಮ್ಸಿನ್‌ಗೆ ಕೊಡುವ ಮೊದಲು ತೆಗೆದಿಟ್ಟುಕೋ.

ಮೇಲಿನದನ್ನು ಮುಗಿಸಿ, ಹೇಳಿದ ಹಾಗೆ ಅಳಿಸಲು ಕೂತೆ. ಅಂಟಿಕೊಂಡ ಕಿಟಕಿಯ ಲೇಖನವನ್ನು ಮೊದಲು ತೆರೆದೆ. ಕೆಳಗಿನ ಚೌಕವನ್ನು ಕೊನೆಯ ಬಾರಿ ಓದೋಣವೆನ್ನಿಸಿತು. ಅದು ನಾನು ಬರೆದ ಹಾಗೆ ಇರಲಿಲ್ಲ. ಯಾರೋ ತಿದ್ದಿದ್ದರು. ಕೊನೆಯ ಬದಲಾವಣೆ ಕಳೆದ ನವೆಂಬರಿನದೆಂದು ಪಕ್ಕದಲ್ಲಿ ಬರೆದಿತ್ತು.

ಈಗ ಅಲ್ಲಿ ಹೀಗಿದೆ: ‘ಲಾರ್ನಾ ಸ್ಟೋರ್ ತನ್ನ ಗಂಡ ಕ್ಲಿಫ್ ಜೊತೆ ವಿಟ್ಬಿಯಲ್ಲಿ ವಾಸವಾಗಿದ್ದಾಳೆ, ಇಬ್ಬರೂ ಸೇರಿ ಹಳೆಯ ಮರದ ಕಿಟಕಿಗಳನ್ನು ರಿಪೇರಿ ಮಾಡುತ್ತಾರೆ. ಮನೆಯ ಕರೆಗಂಟೆ ಈಗ ಸರಿಯಾಗಿದೆ. ನಾಯಿ ಮೇಜರ್ ಈಗಿಲ್ಲ. ಬಾಗಿಲಿಗೆ ನೀಲಿ ಬಣ್ಣ ಹೊಡೆದಿದೆ. ದೂರದವರು ನಮ್ಮ ವೆಬ್‌ಸೈಟು ನೋಡಿ.’

ನಾನು ಖಾತೆ ತೆರೆದ ದಿನ ಪಾಸ್‌ವರ್ಡ್ ಏನಿಡೋಣವೆಂದು ಕೇಳಿದ್ದಕ್ಕೆ ನೀನು ನಲ್ಲಿಯ ಹತ್ತಿರ ಕೈ ತೊಳೆಯುತ್ತ, ‘ಮೇಜರ್ ಅಂತ ಇಡು. ಅವನಂತೂ ಯಾರಿಗೂ ಹೇಳಲ್ಲ’ ಅಂದಿದ್ದೆ. ಅದನ್ನು ನಾನು ಬದಲಾಯಿಸಲಿಲ್ಲ. ಹಾಗಾಗಿ ಪಾಸ್‌ವರ್ಡ್ ನನ್ನೊಬ್ಬಳಿಗೇ ಗೊತ್ತೆಂದು ನೀನು ಟಾಮ್ಸಿನ್‌ಗೆ ಹೇಳಿದ್ದು ಸುಳ್ಳು. ನೀನು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಇದೇ ಮೊದಲು. ಅಳಿಸಬೇಕೆಂದಿದ್ದರೆ ನೀನೇ ಅಳಿಸಬಹುದಿತ್ತು. ನನಗೆ ಬರೆಯಬೇಕಾಗಿರಲಿಲ್ಲ.

ಕರೆಗಂಟೆ, ನಾಯಿ, ಬಾಗಿಲು, ಎಲ್ಲವನ್ನೂ ನಿಜವಾಗಿರುವಂತೆ ತಿದ್ದಿದ್ದೀಯ. ಮೊದಲ ಸಾಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದೀಯ.

ಆದ್ದರಿಂದ ಇವತ್ತು ಏನನ್ನೂ ಅಳಿಸಿಲ್ಲ. ಮುಂದಿನ ಶನಿವಾರ ಬರುತ್ತೇನೆ, ಮಿಡಲ್ಸ್‌ಬರೋದಲ್ಲಿ ಬದಲಾಯಿಸಿ ಮಧ್ಯಾಹ್ನದ ರೈಲಿಗೆ. ಟಾಮ್ಸಿನ್‌ಗೆ ಕೊಟ್ಟ ಮಾತು ಮಾತೇ. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡು ಎಲ್ಲವನ್ನೂ ಒಂದೊಂದಾಗಿ ತೆಗೆಯೋಣ, ನೀನು ಓದಿ ಹೇಳು, ನಾನು ಅಳಿಸುತ್ತೇನೆ. ಅಂಟಿಕೊಂಡ ಕಿಟಕಿಯದನ್ನು ಕೊನೆಗೆ ಇಡೋಣ. ಅದರ ಕೆಳಗಿನ ಮೊದಲ ಸಾಲು ನಿಜವೋ ಸುಳ್ಳೋ ಎಂದು ಅಷ್ಟು ಹೊತ್ತಿಗೆ ಗೊತ್ತಾಗುತ್ತದೆ.

ಟಿಕೆಟು ಇನ್ನೂ ತೆಗೆದಿಲ್ಲ. ನಾಳೆ ಅಂಚೆಗೆ ಹೋದಾಗ ಸ್ಟೇಷನ್ನಿಗೂ ಹೋಗುತ್ತೇನೆ. ಕರೆಗಂಟೆ ಸರಿಯಾಗಿದೆಯೆಂದು ಓದಿದೆ. ಆದರೂ ನಾನು ಬಾಗಿಲನ್ನೇ ತಟ್ಟುತ್ತೇನೆ.

ಲಾ.